ಮಂಗಳೂರಿನಲ್ಲಿಲ್ಲದ ಗಾಳಿ

ಕಳೆದ ಡಿಸೆಂಬರಿನಲ್ಲಿ ದೆಹಲಿಯ ಹೋಟೆಲೊಂದರ ಬಾಗಿಲ ಹಿಡಿ ನನಗೆ ಶಾಕ್ ಹೊಡೆಯಿತು. ಉಣ್ಣೆಯ ಸ್ವೆಟರ್ ತೊಟ್ಟು, ಜಮಖಾನೆಯ ಮೇಲೆ ಕಾಲೆಳೆದುಕೊಂಡು ಬಂದು ಕೈಯಿಟ್ಟಿದ್ದೆ, ಚಟ್ ಎಂದಿತು. ಕೆಳಗಿನ ಕೌಂಟರಿಗೆ ಫೋನ್ ಮಾಡಿ, ಬಾಗಿಲಿಗೆ ಕರೆಂಟ್ ಬಂದಿದೆ ಎಂದು ವರದಿ ಒಪ್ಪಿಸಿದೆ. ಪತ್ರಿಕೆಯಲ್ಲಿ ಬಹುಕಾಲ ದುಡಿದವನ ಅಭ್ಯಾಸ. ಅಲ್ಲಿದ್ದಾತ ನಗು ತಡೆದುಕೊಂಡು, ಚಳಿಗಾಲದಲ್ಲಿ ಇಲ್ಲಿ ಎಲ್ಲ ಬಾಗಿಲುಗಳೂ ಹೀಗೇ, ತಮ್ಮದು ಯಾವ ಊರು ಎಂದು ಕೇಳಿದ. ಮಂಗಳೂರು ಎನ್ನುವಾಗಲೇ ಸವಿತಾ ಮತ್ತು ಹಮೀದ್ ನೆನಪಾದರು.

ನೀವು ಕರಾವಳಿಯವರಾದರೆ ಈ ಶಾಕ್ ನಿಮಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಗಾಳಿಯಲ್ಲಿ ಸದಾ ನೀರು. ಭರಣಿಯ ಉಪ್ಪು ಒದ್ದೆ, ಡಬ್ಬದ ಹಪ್ಪಳ ಮೆದು. ರೇಷ್ಮೆಯ ಪಟ್ಟೆ ಸೀರೆಗೆ ಬೂಷ್ಟು ಹಿಡಿಯದಿರಲೆಂದು ಮಳೆಗಾಲದಲ್ಲಿ ಕಪಾಟಿನೊಳಗೆ ಬಲ್ಬ್ ಉರಿಸುವವರು ನಾವು. ಬಟ್ಟೆ ಬಟ್ಟೆಗೆ ಉಜ್ಜಿ ಮೈಯಲ್ಲಿ ಹುಟ್ಟುವ ವಿದ್ಯುತ್ತು ಇಂಥ ಗಾಳಿಯಲ್ಲಿ ನಿಲ್ಲುವುದಿಲ್ಲ. ನಮಗೆ ತಿಳಿಯುವ ಮೊದಲೇ ಸೋರಿಹೋಗುತ್ತದೆ.

ಸವಿತಾ ಮಂಗಳೂರಿನ ಹೊರವಲಯದ ವಾಮಂಜೂರಿನ ಬೇಸಾಯದ ಮನೆಯವರು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಹಮೀದ್ ಅವರದು ಪೇಟೆಯ ಫಳ್ನೀರಿನಲ್ಲಿ ಚಪ್ಪಲಿ ಅಂಗಡಿ ಇರುವ ಕುಟುಂಬ. ಕೆಲವು ವರ್ಷ ರಿಯಾದಿನಲ್ಲಿದ್ದು ಮರಳಿದವರು. ಇಬ್ಬರೂ ಪಾಲುದಾರರಾಗಿ ಬಿಜೈಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಹಿಡಿದಿದ್ದರು. ಹೊರಗಿನ ಬೋರ್ಡಿನಲ್ಲಿ ‘ಎಲೆಕ್ಟ್ರಾನಿಕ್ಸ್’ ಎಂಬ ಮಾತು ಕಂಡು ಜನ ಕೆಟ್ಟ ಮಿಕ್ಸಿ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಮೀದ್ ಯಾರನ್ನೂ ಹಿಂದೆ ಕಳುಹಿಸುತ್ತಿರಲಿಲ್ಲ. ಸವಿತಾ ಗೊಣಗುತ್ತಲೇ ರಿಪೇರಿ ಮಾಡಿಕೊಡುತ್ತಿದ್ದರು.

ವರದಿಗೆಂದು ಮೊದಲ ಸಲ ಹೋದಾಗ, ಇಲ್ಲಿ ಏನು ತಯಾರಾಗುತ್ತದೆ ಎಂದು ಕೇಳಿದೆ. ಏನೂ ಇಲ್ಲ ಎಂದರು ಸವಿತಾ. ತೆರೆದ ಪೆನ್ನನ್ನು ಮುಚ್ಚಿದೆ. ಆಮೇಲೆ ಬಿಡಿಸಿ ಹೇಳಿದರು. ಯುರೋಪಿನ ಚಳಿದೇಶವೊಂದರ ಕಂಪೆನಿ, ಮನೆಯ ಹೀಟರನ್ನು ನಿಯಂತ್ರಿಸುವ ಪುಟ್ಟ ಪೆಟ್ಟಿಗೆಗಳನ್ನು ತನ್ನ ಹೆಸರಿನಲ್ಲಿ ಮಾರುತ್ತದೆ. ಆದರೆ ಅದು ವಿನ್ಯಾಸವನ್ನೂ ಮಾಡುವುದಿಲ್ಲ, ತಯಾರಿಕೆಯನ್ನೂ ಮಾಡುವುದಿಲ್ಲ. ವಿನ್ಯಾಸ ಬಿಜೈಯಲ್ಲಿ, ತಯಾರಿಕೆ ಚೀನಾದ ಒಂದು ಗುತ್ತಿಗೆ ಕಾರ್ಖಾನೆಯಲ್ಲಿ. ಮದುವೆಯ ಊಟ ಚೆನ್ನಾಗಿದ್ದರೆ ಹೆಸರು ಮನೆಯವರಿಗೆ ಹೋಗುತ್ತದಲ್ಲ, ಹಾಗೆ. ಇವರು ಅಡುಗೆಯವರೂ ಅಲ್ಲ, ಯಾವುದಕ್ಕೆ ಎಷ್ಟು ಹಾಕಬೇಕೆಂದು ಹೇಳುವವರು.

“ಇಡೀ ಮಂಗಳೂರಿನಲ್ಲಿ ಮನೆಗೆ ಹೀಟರ್ ಇಟ್ಟವ ಒಬ್ಬ ಇಲ್ಲ. ನಾವು ಅದಕ್ಕೆ ಬಟನ್ ಮಾಡ್ತೇವೆ ಮಾರಾಯ್ರೆ,” ಎಂದು ಹಮೀದ್ ಫ್ಯಾನಿನ ಕೆಳಗೆ ಬೆವರೊರೆಸಿಕೊಂಡರು.

ಇದ್ದದ್ದು ಅದೊಂದೇ ಗಿರಾಕಿ.

ಒಂದು ಮಳೆಗಾಲದಲ್ಲಿ ಚೀನಾದ ಕಾರ್ಖಾನೆಯಿಂದ ಪ್ರಶ್ನೆ ಬಂತು. ಪೆಟ್ಟಿಗೆಯ ಗುಂಡಿಯ ಹಿಂದೆ ಎಳ್ಳಿನಷ್ಟು ಪುಟ್ಟದೊಂದು ಭಾಗವಿದೆ, ಅದು ಬೇಕೇ? ಬಿಟ್ಟರೆ ಖರ್ಚು ಇಳಿಯುತ್ತದೆ. ಗುತ್ತಿಗೆ ಕಾರ್ಖಾನೆಗಳು ಹೀಗೆ ಕೇಳುವುದು ಈ ಉದ್ಯಮದ ರೂಢಿ. ಸವಿತಾ ಆ ಭಾಗವನ್ನು ಕಿತ್ತು, ಬಿಜೈಯ ಜುಲೈಯಲ್ಲಿ, ವಾರಗಟ್ಟಲೆ ಗುಂಡಿ ಒತ್ತಿ ನೋಡಿದರು. ಏನೂ ಆಗಲಿಲ್ಲ. ಬಿಡಬಹುದು ಎಂದು ಬರೆದರು.

ಚಳಿಗಾಲದಲ್ಲಿ ಅಲ್ಲಿನ ಗೋಡೆಗಳ ಮೇಲೆ ಪೆಟ್ಟಿಗೆಗಳು ಒಂದೊಂದಾಗಿ ಸತ್ತವು. ಮನೆಗಳು ತಣ್ಣಗಾದವು. ವಿನ್ಯಾಸದ ದೋಷ ಎಂದಿತು ಕಾರ್ಖಾನೆ. ಕಾರಣ ತೋರಿಸಿ, ಇಲ್ಲವಾದರೆ ವಿನ್ಯಾಸದ ಕೆಲಸ ಬೇರೆಯವರಿಗೆ ಎಂದಿತು ಕಂಪೆನಿ. ಸವಿತಾ ಬಿಜೈಯಲ್ಲಿ ಒತ್ತಿದ ಗುಂಡಿಗಳೆಲ್ಲ ಸುಖವಾಗಿಯೇ ಇದ್ದವು.

ಆ ದಿನಗಳಲ್ಲಿ ನಾನು ಚಹಾದ ನೆಪದಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಹಮೀದ್ ಇದ್ದಕ್ಕಿದ್ದಂತೆ ಕೇಳಿದರು:

“ಸವಿತಕ್ಕ, ಕಾರಿನ ಬಾಗಿಲು ನಿಮಗೆ ಯಾವತ್ತಾದ್ರೂ ಶಾಕ್ ಹೊಡೆದದ್ದು ಉಂಟಾ?”

“ಕಾರಿನ ಬಾಗಿಲು ಯಾಕೆ ಶಾಕ್ ಹೊಡೀತದೆ?”

“ರಿಯಾದಲ್ಲಿ ಚಳಿಗೆ ದಿನಾ ಹೊಡೀತಿತ್ತು. ಊರಿಗೆ ಬಂದ ಮೇಲೆ ಒಂದು ಸಲವೂ ಇಲ್ಲ.”

ಸವಿತಾ ಲೋಟ ಕೆಳಗಿಟ್ಟರು. ಬಿಟ್ಟ ಭಾಗದ ಕೆಲಸವೇ ಆ ಶಾಕ್ ಪೆಟ್ಟಿಗೆಯೊಳಗೆ ಹೋಗದಂತೆ ತಡೆಯುವುದು. ಚಳಿದೇಶದಲ್ಲಿ ಹೀಟರ್ ಉರಿಯುವ ಮನೆಯೊಳಗಿನ ಗಾಳಿ ಒಣಗಿರುತ್ತದೆ, ಗುಂಡಿ ಮುಟ್ಟುವವರೆಲ್ಲ ಉಣ್ಣೆ ತೊಟ್ಟಿರುತ್ತಾರೆ. ಇದು ಅವರು ಓದಿ ಪಾಸಾದ ಪಾಠ. ಅದರ ಪೆಟ್ಟು ಮಾತ್ರ ಎಂದೂ ಬಿದ್ದಿರಲಿಲ್ಲ. ಹಮೀದ್ ಕಡೆಗೆ ತಿರುಗಿ, “ಹಾಗಾದ್ರೆ ಆ ಗಾಳಿಯನ್ನು ಇಲ್ಲಿ ಮಾಡ್ಬೇಕು,” ಎಂದರು.

ಮಾಡಿದರು. ಒಂದು ಹಳೆಯ ಪ್ಲಾಸ್ಟಿಕ್ ಮೀನಿನ ತೊಟ್ಟಿಯ ಬದಿಗೆ ಕೈ ತೂರುವಷ್ಟು ತೂತು ಕೊರೆದು, ಕವುಚಿ ಹಾಕಿ ಅಂಚಿಗೆ ಟೇಪು ಮೆತ್ತಿದರು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ, ತಿನ್ನಬೇಡಿ ಎಂದು ಬರೆದ ಪುಟ್ಟ ಪೊಟ್ಟಣ ಇರುತ್ತದಲ್ಲ, ತೇವ ಹೀರುವ ಹರಳಿನದು. ಫಳ್ನೀರಿನ ಅಂಗಡಿಯಿಂದ ಅವು ಗೋಣಿಗಟ್ಟಲೆ ಬಂದವು. ನಮ್ಮೂರ ಗಾಳಿ ಕುಡಿದು ಹರಳುಗಳೂ ಒದ್ದೆಯಾಗಿದ್ದವು. ಹಳೆಯ ಕಾವಲಿಯಲ್ಲಿ ಹುರಿದು ಒಣಗಿಸಿ ತೂತಿನಿಂದ ತೊಟ್ಟಿಯೊಳಗೆ ಸುರಿದರು. ಉಣ್ಣೆಗೆ ಹಮೀದರ ರಿಯಾದಿನ ಸ್ವೆಟರಿನ ತೋಳು ಬಲಿಯಾಯಿತು.

ಮರುದಿನ ತೊಟ್ಟಿಯೊಳಗಿನ ಗಾಳಿ ಒಣಗಿದೆ ಎಂದು ತೇವ ಅಳೆಯುವ ಮೀಟರ್ ತೋರಿಸಿತು. ಸವಿತಾ ಬದಿಯ ತೂತಿಗೆ ಕಟ್ಟಿದ ರಬ್ಬರ್ ಗ್ಲೌಸಿನೊಳಗೆ ಕೈ ತೂರಿಸಿ, ಪ್ಲಾಸ್ಟಿಕ್ ಹಿಡಿಯ ಚಮಚವನ್ನು ಉಣ್ಣೆಗೆ ಉಜ್ಜಿ ಗುಂಡಿಗೆ ತಾಗಿಸಿದರು. ಚಟ್ ಎಂದಿತು. ಆ ಭಾಗವಿಲ್ಲದ ಪೆಟ್ಟಿಗೆಯ ದೀಪ ಆರಿತು.

“ಸತ್ತಿತು,” ಎಂದರು ಸವಿತಾ, ರ‍್ಯಾಂಕ್ ಬಂದ ಸುದ್ದಿ ಹೇಳುವ ದನಿಯಲ್ಲಿ. ಎಳ್ಳಿನ ಗಾತ್ರದ ಭಾಗವನ್ನು ಕೂರಿಸಿದ ಇನ್ನೊಂದು ಪೆಟ್ಟಿಗೆ ಎಷ್ಟು ಚಟ್ ಎಂದರೂ ಸಾಯಲಿಲ್ಲ. ಹಮೀದ್ ಕೆಳಗಿಳಿದು ಹೋಗಿ ಇಡೀ ಕಟ್ಟಡಕ್ಕೆ ಐಸ್‌ಕ್ರೀಂ ತರಿಸಿದರು.

ಉಳಿದದ್ದು ಕಂಪೆನಿಗೆ ಹೇಳುವುದು. ಬಿಟ್ಟುಬಿಡಲು ಕೇಳಿದ್ದು ಕಾರ್ಖಾನೆ, ಅದನ್ನೇ ಮುಂದಿಡೋಣ ಎಂದರು ಹಮೀದ್. ತಪ್ಪು ನಮ್ಮದೆಂದರೆ ಗಿರಾಕಿ ಹೋದ ಹಾಗೆ. ಸವಿತಾ ಒಪ್ಪಲಿಲ್ಲ. ವಿಡಿಯೊ ಕರೆಯಲ್ಲಿ ಕಾಣಿಸಿದ ಅಲ್ಲಿನ ಅಧಿಕಾರಿಣಿಗೆ ನೇರವಾಗಿ ಹೇಳಿದರು: ಒಪ್ಪಿಗೆ ಕೊಟ್ಟದ್ದು ನಾನು, ನಿಮ್ಮ ಮನೆಯ ಗಾಳಿ ನಮ್ಮ ಊರಲ್ಲಿ ಇಲ್ಲ, ಈಗ ಮಾಡಿಕೊಂಡಿದ್ದೇವೆ, ನೋಡಿ. ಆಕೆ, ಆ ಮೀನಿನ ತೊಟ್ಟಿಯನ್ನು ಇನ್ನೊಮ್ಮೆ ತೋರಿಸಿ ಎಂದು ಹೇಳಿ, ಸಹೋದ್ಯೋಗಿಗಳನ್ನೆಲ್ಲ ಪರದೆಯ ಮುಂದೆ ಕರೆದರು.

ಗಿರಾಕಿ ಹೋಗಲಿಲ್ಲ. ಸತ್ತ ಪೆಟ್ಟಿಗೆಗಳು ರಿಪೇರಿಗೆ ಚೀನಾಕ್ಕೆ ಹೋಗದೆ ಮಂಗಳೂರಿಗೆ ಬಂದವು. ಬಿಜೈಯ ಮಹಡಿ ಸಾಲದೆ ವಾಮಂಜೂರಿನಲ್ಲಿ ಶೆಡ್ ಹಾಕಿದರು. ಅಕ್ಕಪಕ್ಕದ ಮನೆಗಳ ಹೆಂಗಸರು ಬೆಸುಗೆ ಕಲಿತರು.

ದೆಹಲಿಯಿಂದ ಮರಳಿದವನು ಮೊದಲು ಆ ಶೆಡ್ಡಿಗೆ ಹೋದೆ. ನನಗೂ ಶಾಕ್ ಹೊಡೆಯಿತು ಎಂದೆ. “ಅಂತೂ ನೀವು ಪಾಸು,” ಎಂದರು ಹಮೀದ್. ಇಷ್ಟು ವರ್ಷ ಕೇಳಿ ಬರೆದುಕೊಂಡಿದ್ದನ್ನು ದೆಹಲಿಯಲ್ಲಿ ಬೆರಳ ತುದಿಯಿಂದ ಒಪ್ಪಿಕೊಂಡಿದ್ದೆ.

ಕಂಪೆನಿ ಮುಂದಿನ ಮಾದರಿಯ ವಿನ್ಯಾಸದ ಜತೆ ತಯಾರಿಕೆಯನ್ನೂ ವಾಮಂಜೂರಿಗೆ ಒಪ್ಪಿಸಿದೆ. ಭಾಗಗಳನ್ನು ಕೂರಿಸುವ ಯಂತ್ರ ಕಳೆದ ವಾರ ಬಂತು. ಶೆಡ್ಡಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ನಿನ್ನೆ ಬೆಳಿಗ್ಗೆ ಗೋಡೆ ಒಡೆದರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಒಳಗಿತ್ತು.