ಎರಡಕ್ಷರದ ಮೆಚ್ಚು

ಮುಂಬಯಿಯ ಕಾಂದಿವಲಿಯ ಚಾಳಿನ ಶಿವಪುತ್ರಪ್ಪನವರಿಗೆ ಹಳೆಯ ಶಬ್ದವೆಂದರೆ ಪ್ರಾಣ. ಕನ್ನಡ ಸಂಘದ ಸೈಕ್ಲೋಸ್ಟೈಲ್ ಮಾಸಪತ್ರಿಕೆಗೆ ಪದಬಂಧ ಮಾಡಿಕೊಡುವವರು ಅವರೇ. ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಗದಿದ್ದರೆ ಮುಂದೆ ನಿಂತವನ ಬೆನ್ನಿನ ಮೇಲೆಯೇ ಕಾಗದವಿಟ್ಟು ಚೌಕ ಗೀಚುತ್ತಾರೆ. ಅವನು ತಿರುಗಿದರೆ, “ಅಲ್ಲಾಡಬ್ಯಾಡ್ರಿ, ಗೆರಿ ಸೊಟ್ಟ ಆಗತಾವ” ಎಂದು ಅವನನ್ನೇ ಗದರುತ್ತಾರೆ. ತಿಂಗಳು ತಿಂಗಳೂ ಎಲ್ಲ ಸುಳಿವು ಬದಲಾದರೂ ಒಂದು ಮಾತ್ರ ಬದಲಾಗುವುದಿಲ್ಲ: ‘ಒಲಿದವರಿಗೆ ಕೊಡುವ ಕಾಣಿಕೆ, ಹಳೆಯ ಮಾತು, ಎರಡಕ್ಷರ.’ ಉತ್ತರ, ‘ಮೆಚ್ಚು’. ಬೇಸತ್ತ ಕಾರ್ಯದರ್ಶಿ ರಮಾನಾಥ ರಾಯರು ಈ ಸಲ ಮನೆಗೇ ಬಂದರು. “ಈ ಶಬ್ದ ಈಗ ಯಾರು ಹೇಳ್ತಾರೆ ಮಾರಾಯ್ರೆ? ಮುಂದಿನ ಸಂಚಿಕೆಯಿಂದ ತೆಗೀರಿ, ಇಲ್ಲದಿದ್ರೆ ನಿಮ್ಮ ಪದಬಂಧವೇ ಬೇಡ” ಎಂದರು. “ಬ್ಯಾಡಾದ್ರ ಬಿಡ್ರಿ. ಆ ಶಬ್ದ ಮಾತ್ರ ತೆಗಿಯೂದಿಲ್ಲ” ಎಂದರು ಶಿವಪುತ್ರಪ್ಪ. ರಾಯರು ಸಿಡುಕಿದರು: “ಒಬ್ಬರಿಗಾದ್ರೂ ಗೊತ್ತುಂಟಾ ಅದು?” ಶಿವಪುತ್ರಪ್ಪ ಅಡುಗೆಮನೆಯತ್ತ ಕೈ ತೋರಿಸಿದರು. ನಲವತ್ತರ ವಯಸ್ಸಿನಲ್ಲಿ ಗಂಡನಿಂದ ಅಕ್ಷರ ಕಲಿತ ಕಾಶವ್ವ ಅಲ್ಲಿ ಹೊಸ ಸಂಚಿಕೆಯನ್ನು ಹರಡಿಕೊಂಡು ಕೂತಿದ್ದಳು. ಉಳಿದ ಚೌಕಗಳೆಲ್ಲ ಖಾಲಿ. ಆ ಎರಡನ್ನು ಮಾತ್ರ ದಪ್ಪ ಅಕ್ಷರದಲ್ಲಿ ತುಂಬಿದ್ದಳು.