ಎಲ್ಲರಿಗೂ ಒಂದೊಂದು ಕರಿಕೋಟು

ಮೊನ್ನೆ ಇಸ್ತ್ರಿ ಅಂಗಡಿಯವನು ನನ್ನ ಹಳೆಯ ಕರಿಕೋಟನ್ನು ಮಾರುದೂರ ಹಿಡಿದುಕೊಂಡೇ ತಂದುಕೊಟ್ಟ. "ವಕೀಲರ, ಎರಡು ಸಲ ತೊಳದೇನ್ರಿ. ಖಾರದ ಘಾಟು ಹೋಗವಲ್ದು," ಎಂದ. ಮೂಗಿಗೆ ಹಿಡಿದೆ. ಸಾಲಾಗಿ ಮೂರು ಸೀನು ಬಂದವು. ಆಮೇಲೆ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನ ಮೇಲಿನ ಆ ಕೋಣೆ ನೆನಪಾಯಿತು, ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದ ನಮ್ಮ ಸೀನಿಯರ್ ನೆನಪಾದರು...

ಜೀವಮಾನವೆಲ್ಲ ವಾಟ್ನಿ ಕೇಸು, ಅಂದರೆ ಆಸ್ತಿ ಪಾಲಿನ ಕೇಸು ನಡೆಸಿದ ವಕೀಲರು ಅವರು. ಅಣ್ಣತಮ್ಮಂದಿರ ನಡುವೆ ಹೊಲದ ಬದು ಎಲ್ಲಿ ಹಾಯಬೇಕು ಎಂಬುದರಲ್ಲೇ ತಲೆ ಬೆಳ್ಳಗಾಗಿತ್ತು. ಮದುವೆಯಾಗಿರಲಿಲ್ಲ. ಮಂದಿಯ ಸಂಸಾರ ಹಂಚಿ ಹಂಚಿ ತಮ್ಮದೊಂದು ಕಟ್ಟುವ ಆಸೆಯೇ ಹೋಯಿತು ಎಂದು ಬಾರ್ ರೂಮಿನಲ್ಲಿ ನಗುತ್ತಿದ್ದರು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಫೈಲು ಗಾಳಿಯಲ್ಲಿ ಹಾರುತ್ತಿತ್ತು.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದಾಗ ನಮ್ಮ ಜಿಲ್ಲೆಯ ವಕೀಲರು ಎರಡು ದಿನ ಚೇಷ್ಟೆ ಮಾಡಿ ಮರೆತರು. ಇವರೊಬ್ಬರು ಮರೆಯಲಿಲ್ಲ. "ದಿಲ್ಲಿಯೊಳಗ ಕಾಯ್ದೆ ಬದಲಾತು, ಖರೇ. ಇಲ್ಲಿ ಠಾಣೆಯೊಳಗಿನ ಹವಾಲ್ದಾರಗ ಯಾರು ಹೇಳವ್ರು?" ಎಂದರು. ಕೋರ್ಟಿಗೆ ಸೂಟಿ ಇರುವ ಎರಡನೇ ಶನಿವಾರಗಳಂದು ತಮ್ಮ ಆಫೀಸಿನಲ್ಲೇ ಸಭೆ ಕರೆಯತೊಡಗಿದರು. ಹಾವೇರಿ, ರಾಣೆಬೆನ್ನೂರಿನಿಂದ ನಾಲ್ಕೈದು ವಕೀಲರು, ಬಸ್ಸಿನಲ್ಲಿ ನೇತಾಡಿಕೊಂಡು ಬರುವ ನಾವು ಕಾನೂನು ವಿದ್ಯಾರ್ಥಿಗಳು, ಮತ್ತೆ ಆ ಕಾಯ್ದೆ ಯಾರ ಬದುಕಿಗೆ ಬೇಕಿತ್ತೋ ಅವರು. ಫ್ಯಾನು ಹಾಕುವಂತಿರಲಿಲ್ಲ, ಹಾಕಿದರೆ ಕೆಳಗಿನ ಗೋದಾಮಿನ ಖಾರವೆಲ್ಲ ಎದ್ದು ಕಣ್ಣಿಗೆ ಬರುತ್ತಿತ್ತು.

ಭಾಷಣ ಅವರಿಗೆ ಆಗುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಬರೆಸುತ್ತಿದ್ದರು. ಠಾಣೆಗೆ ಕೊಡುವ ಅರ್ಜಿ, ಹೆಸರು ಬದಲಿಸುವ ಪ್ರಮಾಣಪತ್ರ, ಮದುವೆಯ ಕಾಗದವಿಲ್ಲದೆ ಕೂಡಿ ಬಾಳುವವರು ಒಬ್ಬರಿಗೊಬ್ಬರು ಬರೆದಿಡಬೇಕಾದ ಮೃತ್ಯುಪತ್ರ. ನಾನು ಒಮ್ಮೆ ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದ ತುಂಬಿಸಿಕೊಂಡು ಹೋದಾಗ, "ಇದನ್ನ ನಿಮ್ಮವ್ವಗ ಓದಿ ಹೇಳು. ಆಕಿಗೆ ತಿಳಿದ್ರ ನನಗೂ ತಿಳೀತೈತಿ," ಎಂದು ಕಾಗದ ಮರಳಿಸಿದ್ದರು.

ಆ ಕೋಣೆಗೊಂದು ಪದ್ಧತಿ ಇತ್ತು. ಬಾಗಿಲ ಪಕ್ಕದ ಮೊಳೆಗಳಲ್ಲಿ ಹಳೆಯ ಕರಿಕೋಟುಗಳು ತೂಗುತ್ತಿದ್ದವು. ನಿವೃತ್ತರಾದವರವು, ತೀರಿಕೊಂಡವರವು, ಎಲ್ಲೆಲ್ಲಿಂದಲೋ ಕೇಳಿ ತಂದವು. ಒಳಗೆ ಬಂದವರು ಯಾರೇ ಇರಲಿ, ಮೊದಲು ಒಂದು ಕೋಟು ಹಾಕಿಕೊಂಡೇ ಕೂರಬೇಕು. ತಮ್ಮ ವಾಟ್ನಿ ಕಾಗದ ಹುಡುಕಿಕೊಂಡು ವ್ಯಾಪಾರಿಗಳು ಯಾವಾಗ ಬೇಕಾದರೂ ಮೆಟ್ಟಿಲು ಹತ್ತಿ ಬರುತ್ತಿದ್ದರಲ್ಲ, ಅವರ ಕಣ್ಣಿಗೆ ಅಲ್ಲಿ ವಕೀಲರ ಹೊರತು ಬೇರೆ ಯಾರೂ ಕಾಣಬಾರದು. ಹಾವೇರಿಯ ಒಬ್ಬ ಟೇಲರ್ ಬರುತ್ತಿದ್ದ. ಒಮ್ಮೆ ಒಬ್ಬ ವ್ಯಾಪಾರಿ ಅವನಿಗೇ ಕೈಮುಗಿದು ತನ್ನ ಕೇಸು ಎಲ್ಲಿಗೆ ಬಂತೆಂದು ಕೇಳಿಬಿಟ್ಟ. "ಮುಂದಿನ ತಾರೀಖಿಗೆ ಬರ್ರಿ," ಎಂದ ಟೇಲರ್, ಸ್ವಲ್ಪವೂ ಅಳುಕದೆ. ಸೀನಿಯರ್ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ನಾನು ಕಾಲೇಜಿನ ಕಾನೂನು ನೆರವಿನ ತಾಸುಗಳನ್ನು ತುಂಬಿಸಲು ಬರುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಅರ್ಧ ಮಾತು. ಆ ಕಾಯ್ದೆ ನನ್ನದೂ ಆಗಿತ್ತು. ಅವ್ವನಿಗೆ ಗೊತ್ತಿರಲಿಲ್ಲ, ಹಾಸ್ಟೆಲ್ಲಿನ ಗೆಳೆಯರಿಗೂ ಗೊತ್ತಿರಲಿಲ್ಲ.

ಒಂದು ಸಲ ಕಾಲೇಜಿನವರು ಸಭೆಗೆ ಹೋಗಿದ್ದಕ್ಕೆ ಏನಾದರೂ ಪುರಾವೆ ತಾ ಎಂದರು. ಒಂದು ಸಾದಾ ಪತ್ರ ಸಾಕಿತ್ತು. ನಾನು ಅತಿಬುದ್ಧಿವಂತ. ಸ್ಕೇಲು ಹಿಡಿದು ಹಾಜರಿ ಹಾಳೆ ಮಾಡಿದೆ. ಹೆಸರು, ಊರು, ಸಹಿ, ಅದರ ಮುಂದೆ ಮೂರು ಕಾಲಂ: ವಕೀಲರು, ವಿದ್ಯಾರ್ಥಿ, ಬಾಧಿತರು. ಕೋರ್ಟಿನ ಕಾಗದ ಓದಿ ಓದಿ, ಯಾರು ಯಾವ ಕಡೆಯವರು ಎಂದು ಬರೆಯದೆ ನಮಗೆ ಕಾಗದವೇ ಪೂರ್ತಿಯಾಗುವುದಿಲ್ಲ. ಮೊದಲು ನಾನೇ 'ವಿದ್ಯಾರ್ಥಿ'ಗೆ ಗೀಟು ಹಾಕಿ ಪಕ್ಕಕ್ಕೆ ಕೊಟ್ಟೆ. ನಾನು ಆ ಮೂರನೆಯವರ ಪೈಕಿ ಅಲ್ಲ ಎಂದು ಎಲ್ಲಾದರೂ ಒಂದು ಕಡೆ ಬರೆದಿರಲಿ ಎಂಬ ಆಸೆಯೂ ಆ ಗೀಟಿನಲ್ಲಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಪಕ್ಕದಲ್ಲಿದ್ದವರು ರಾಣೆಬೆನ್ನೂರಿನ ಶಾಲೆಯ ಟೀಚರ್. ತಮ್ಮ ಸಂಗಾತಿಯ ಹೆಸರಿಗೆ ಮನೆ ಬರೆದಿಡುವುದು ಹೇಗೆಂದು ಕೇಳಲು ಬಂದಿದ್ದರು. ಅವರ ಪೆನ್ನು ಕಾಲಮ್ಮಿನ ಮೇಲೆಯೇ ನಿಂತಿತು.

"ಇದು ಎಲ್ಲಿಗೆ ಹೋಗತೈತ್ರಿ?"

"ನಮ್ಮ ಕಾಲೇಜಿಗ್ರಿ."

"ಅಲ್ಲಿ ನಮ್ಮಣ್ಣ ಕ್ಲಾರ್ಕ್ ಅದಾನ," ಎಂದು ಅವರು ಕೋಟಿನ ಗುಂಡಿ ಬಿಚ್ಚಿ ಏಳತೊಡಗಿದರು.

ಸೀನಿಯರ್ ಕೈಚಾಚಿ ಹಾಳೆ ಇಸಿದುಕೊಂಡರು. ಅದು ನನ್ನ ಮುಖಕ್ಕೇ ಬರುತ್ತದೆ ಎಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು. "ಕುಂದ್ರಿ ಟೀಚರ, ಇದು ಈ ಕ್ವಾಣಿ ದಾಟಂಗಿಲ್ಲ," ಎಂದರು. ಆಮೇಲೆ ತಮ್ಮ ಹೆಸರು ಬರೆದು ಮೂರನೆಯ ಕಾಲಮ್ಮಿಗೆ ಗೀಟು ಹಾಕಿ ಪಕ್ಕದ ವಕೀಲರಿಗೆ ಕೊಟ್ಟರು. ಆ ವಕೀಲರು ಹೆಂಡತಿ ಮಕ್ಕಳಿದ್ದವರು, ಒಂದು ಗಳಿಗೆ ತಡೆದು ಅಲ್ಲೇ ಗೀಟೆಳೆದರು. ಹೀಗೆ ಕೋಣೆಯೆಲ್ಲ ಸುತ್ತಿತು. ಕೊನೆಗೆ ಟೀಚರ್ ಕೂಡ ಹಾಕಿದರು. ಹಾಳೆ ನನ್ನ ಕೈಗೆ ಮರಳಿದಾಗ 'ವಿದ್ಯಾರ್ಥಿ' ಕಾಲಮ್ಮಿನಲ್ಲಿ ನನ್ನದೊಂದೇ ಗೀಟು ಇತ್ತು.

"ಏನರ ತಿದ್ದೂದೈತೇನು?" ಎಂದು ಸೀನಿಯರ್ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಗೊತ್ತಿತ್ತು... ಯಾವಾಗಿನಿಂದ ಗೊತ್ತಿತ್ತೋ.

"ಇಲ್ರಿ ಸರ," ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ನಾನು ನೆಲ ನೋಡುತ್ತಿದ್ದೆ. "ಆತು ಬಿಡು," ಎಂದು ಹಾಳೆ ತೆಗೆದುಕೊಂಡು ಟೀಚರ್ ಎದುರೇ ಹರಿದು ಹಾಕಿದರು. ಕಾಲೇಜಿಗೆ ತಾವೇ ಒಂದು ಪತ್ರ ಬರೆದುಕೊಟ್ಟರು. ಹುಡುಗ ಚಲೋ ಕೆಲಸ ಮಾಡುತ್ತಾನೆ, ಇಷ್ಟೇ.

ಅವರ ಗೀಟು ಖರೇನೋ, ಟೀಚರಿಗಾಗಿ ಹಾಕಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ, ಕೇಳಿದರೆ ನನ್ನದನ್ನೂ ಹೇಳಬೇಕಾಗುತ್ತಿತ್ತು. ಆಮೇಲೂ ಎಷ್ಟೋ ಶನಿವಾರ ಅವರ ಎದುರು ಕುಳಿತೆ. ಸನ್ನದು ಪಡೆದು ಹಾವೇರಿಯಲ್ಲಿ ವಕೀಲಿಕೆ ಹಿಡಿದೆ. ನಾಳೆ ಹೇಳೋಣ, ಮುಂದಿನ ತಿಂಗಳು ಹೇಳೋಣ ಎನ್ನುತ್ತಿರುವಾಗಲೇ ಅವರು ಹಾಸಿಗೆ ಹಿಡಿದರು, ಲಗೂನೇ ಹೋಗಿಬಿಟ್ಟರು. ಹೋಗುವ ಮುಂಚೆ ನಾನು ನೋಡಲು ಹೋದಾಗ ಎರಡು ಸಲ ನನ್ನ ಕೈ ಹಿಡಿದಿದ್ದರು. ನಾನು ಯಾವುದೋ ಕೇಸಿನ ತಾರೀಖು ಹೇಳಿ ಎದ್ದು ಬಂದೆ.

ಈಗ ಸಭೆ ಹಾವೇರಿಯಲ್ಲಿ ನಡೆಯುತ್ತದೆ, ಕೋರ್ಟಿನ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ. ಕರೆಯುವವನು ನಾನು. ಕಳೆದ ತಿಂಗಳು ಹೊಸದಾಗಿ ಬಂದ ವಿದ್ಯಾರ್ಥಿನಿಯೊಬ್ಬಳು, "ನೀವು ಈ ಕೆಲಸಕ್ಕ ಯಾಕ ಬಂದ್ರಿ ಸರ?" ಎಂದು ಕೇಳಿದಳು. ಹೇಳಿದೆ. ಆ ಕಾಯ್ದೆ ನನ್ನದೂ ಎಂದು, ಎಲ್ಲರ ಎದುರು, ಮೊದಲ ಸಲ. ಒಬ್ಬರು ಚಹಾದ ಕಪ್ಪು ನನ್ನ ಕಡೆ ಸರಿಸಿದರು, ಆ ಹುಡುಗಿ ತಾನು ಬರೆದ ಅರ್ಜಿ ಓದತೊಡಗಿದಳು.

ಇಷ್ಟು ಸುಲಭವಿತ್ತು. ಇದನ್ನು ಕೇಳಿಸಿಕೊಳ್ಳಲು ಕಾದಿದ್ದ ಮನುಷ್ಯ ಒಬ್ಬರೇ, ಅವರಿಗೆ ನಾನು ಇಲ್ರಿ ಅಂದಿದ್ದೆ.