ಮೊಣಕಾಲೆತ್ತರದ ಈಳಿಗೆಮಣೆ

ಮಂಡಿ ಸವೆದಿದೆ, ಅಜ್ಜಿ ಇನ್ನು ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ ದಿನವೇ ಅಮ್ಮ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿ, ಅಜ್ಜಿಗೆ ಟಿವಿ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಅಮ್ಮನ ಉದ್ದೇಶ ಒಳ್ಳೆಯದೇ. ಆದರೆ ಅಡುಗೆಮನೆಯ ಮೂಲೆಯಲ್ಲಿ ತರಕಾರಿ ಹೆಚ್ಚುತ್ತ ಮನೆಯವರನ್ನೆಲ್ಲ ಬೈದುಕೊಂಡಿದ್ದ ಅಜ್ಜಿ ಹಾಲ್‌ನಲ್ಲಿ ನೆಂಟರ ಹಾಗೆ ಸುಮ್ಮನಾದಳು. "ಊಟ ಹಾಕ್ಲಾ ಅಜ್ಜಿ?" ಎಂದರೆ "ನಿಮ್ಮಿಷ್ಟ" ಅನ್ನುವಳು. ಆ ಮಾತನ್ನು ನನ್ನಿಂದ ಸಹಿಸಲಾಗಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸಿದವಳು ನಾನು. ಈಳಿಗೆಯ ಬದಲು ಚಾಕುವಿನಲ್ಲಿ ಹೆಚ್ಚೆಂದು ಅಜ್ಜಿಯ ಮುಂದೆ ವಾದ ಹೂಡಿದೆ.

"ನಿಂತ್ಕಂಡು ಎಚ್ಚೋಕೆ ನಾನೇನು ಓಟ್ಲು ಭಟ್ಟನೇನೇ?"

"ಟೇಬಲ್ ಮುಂದೆ ಕೂತ್ಕೊಂಡೇ ಹೆಚ್ಚು."

"ಚಾಕು ಇಡಿಯೋಕೆ ಒಂದು ಕೈ ಓಯ್ತು. ಈಳಿಗೇಲಿ ಎರಡು ಕೈನೂ ನಂದೇ."

ಈಳಿಗೆಮಣೆಯನ್ನು ಅಟ್ಟದಿಂದ ಇಳಿಸಿದೆ.

ಅಪ್ಪ ಪೀಣ್ಯದ ತನ್ನ ಫ್ಯಾಕ್ಟರಿಯಿಂದ, ಮೆಷಿನ್ ಪ್ಯಾಕಿಂಗಿಗೆ ಬಳಸಿ ಬಿಸಾಡುವ ಪೈನ್ ಹಲಗೆಗಳನ್ನು ಕೇಳಿ ತಂದುಕೊಟ್ಟ. ದಾಸರಹಳ್ಳಿಯ ನಮ್ಮ ಟೆರೇಸಿನಲ್ಲಿ ಮೊಳೆ ಕಿತ್ತು, ಕುಯ್ದು, ಒಂದು ಸ್ಟೂಲು ಮಾಡಿದೆ. ಅದರೆದುರಿಗೆ ಈಳಿಗೆಮಣೆ ಇಡಲು ಮೊಣಕಾಲೆತ್ತರದ ಪುಟ್ಟ ಪೀಠ. ಕೈಯಾರೆ ಮಾಡಿದ ವಸ್ತುವಿನಲ್ಲಿ ಪ್ರೀತಿ ತುಂಬಿರುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಪ್ರೀತಿಯಿದ್ದರೂ ಅಲ್ಲಾಡುವ ಸ್ಟೂಲು ಅಲ್ಲಾಡುತ್ತದೆ.

ಎರಡನ್ನೂ ಅಡುಗೆಮನೆಯಲ್ಲಿಟ್ಟೆ. ಅಜ್ಜಿ ಸ್ಟೂಲಿನಲ್ಲಿ ಕೂತು ಕುಂಬಳಕಾಯಿಯ ಹೋಳನ್ನು ಈಳಿಗೆಗೆ ಒತ್ತಿದಳು. ಪೀಠ ಜಾರಿ ಸಿಲಿಂಡರಿಗೆ ಹೋಗಿ ಬಡಿಯಿತು.

"ನಿನ್ ಪೀಠಕ್ಕೆ ನನ್ ಕಂಡ್ರೆ ಭಯ ಕಣೇ," ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹಾಲ್ ಕಡೆ ಹೊರಟಳು. "ಬುಡು ಮಗ, ಆಗಾಕಿಲ್ಲ."

ನೆಲದಲ್ಲಿ ಕೂತಾಗ ಅವಳು ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಿದ್ದಳು. ನಾನು ಅವಳಿಗೆ ಕೂರಲು ಜಾಗ ಕೊಟ್ಟೆ, ಕಾಲಿನ ಕೆಲಸ ಕಿತ್ತುಕೊಂಡೆ. ಮರುದಿನ ಸ್ಟೂಲಿನ ಬುಡಕ್ಕೂ ಪೀಠದ ಬುಡಕ್ಕೂ ಸೇರಿಸಿ ಉದ್ದನೆಯ ಹಲಗೆ ಹೊಡೆದೆ, ಈಳಿಗೆಮಣೆಯನ್ನು ಪೀಠಕ್ಕೇ ಸ್ಕ್ರೂ ಹಾಕಿ ಬಿಗಿದೆ. ಸ್ಟೂಲಿನಲ್ಲಿ ಕೂತು ಆ ಹಲಗೆ ಮೇಲೆ ಪಾದ ಊರಿದರೆ, ಎಲ್ಲವನ್ನೂ ಹಿಡಿದಿಡುವುದು ಅವಳ ಭಾರವೇ.

ಅಜ್ಜಿ ಪಾದ ಊರಿ ಕೂತಳು. ಕುಂಬಳಕಾಯಿ ಎರಡಾಯಿತು. ಪೀಠ ಕದಲಲಿಲ್ಲ. ಹೊಗಳುತ್ತಾಳೆಂದು ಕಾದೆ.

"ನೆನ್ನೆ ಸಾರಿಗೆ ಅಷ್ಟೊಂದು ಉಣ್ಸೆ ಉಳಿ ಯಾರೇ ಇಂಡಿದ್ದು?" ಎಂದಳು, ಅಮ್ಮನಿಗೆ ಕೇಳುವ ಹಾಗೆ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅವಳಿಗೂ ನಗು ಬಂತು.

"ಊಟ ಹಾಕ್ಲಾ ಅಜ್ಜಿ?" ಎಂದೆ.

"ಇಲ್ಲಿಗೇ ತಾ. ಮೊದ್ಲು ಈ ಸ್ಟೂಲಿನ ಮೂಲೆ ಉಜ್ಜಿ ನುಣ್ಣಗೆ ಮಾಡ್ಕೊಡು, ಸೀರೆ ಸಿಕ್ಕಾಕ್ಕೊಂತದೆ."